ಮೂವತ್ತೆರಡು ಧಾರೆ

ಕಿಕ್ಕರ್‌ವಾಲಾ ಊರಿನಲ್ಲಿ ಯಾರಾದರೂ ಆಣೆ ಇಟ್ಟು ಮಾತಾಡಿದರೆ ಎದುರಿಗಿದ್ದವರು "ನೀನೇನು ಜಂಗೀರೋನಾ, ಆಣೆ ಅಂದ ಕೂಡ್ಲೆ ನಂಬಿಬಿಡೋಕೆ?" ಎಂದು ಹಂಗಿಸುತ್ತಿದ್ದರು. ಜಂಗೀರೋ ಎಂದರೆ ಜಂಗೀರ್ ಕೌರ್. ಅರವತ್ತೈದು ದಾಟಿದ ಹೆಂಗಸು, ಎತ್ತರದ ಆಳು, ಬೆನ್ನು ಬಾಗಿರಲಿಲ್ಲ, ಮಾತು ಕಡಿಮೆ. ಎಮ್ಮೆಯ ಹಾಲಿಗೆ ನೀರು ಬೆರೆಸಿದವಳಲ್ಲ, ಎರವಲು ತಂದ ಹಿಟ್ಟನ್ನು ಒಂದು ಹಿಡಿ ಹೆಚ್ಚಿಗೆ ಹಾಕದೆ ಹಿಂತಿರುಗಿಸಿದವಳಲ್ಲ. ಆದರೆ ಅವಳಿಗೆ ಹೆಸರು ಬಂದದ್ದು ಹಾಲು ಹಿಟ್ಟಿನಿಂದಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಓರಗಿತ್ತಿಯ ಮಡಿಲಿಗೆ ಹಾಕಿ, ಆಮೇಲೆ ನಲವತ್ತೆರಡು ವರ್ಷ ಅದೇ ಅಂಗಳದಲ್ಲಿದ್ದುಕೊಂಡು ಅವನನ್ನು ಒಮ್ಮೆಯೂ "ನನ್ನ ಮಗ" ಎನ್ನದೆ ಇದ್ದಳಲ್ಲ, ಅದರಿಂದ ಬಂದ ಹೆಸರು.

ಆ ಓರಗಿತ್ತಿ ಧನ್ ಕೌರ್, ಭಾವ ಅಜಾಯಬ್ ಸಿಂಗನ ಹೆಂಡತಿ. ಜಂಗೀರೋ ಮದುವೆಯಾಗಿ ಬರುವ ಹೊತ್ತಿಗೆ ಧನ್ ಕೌರ್ ಆ ಮನೆ ಸೇರಿ ಒಂಬತ್ತು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಹರಕೆಯಾಯಿತು, ತಾಯಿತವಾಯಿತು, ಪಟಿಯಾಲದ ಡಾಕ್ಟರಮ್ಮನಿಗೆ ತೋರಿಸಿದ್ದೂ ಆಯಿತು. ಜಂಗೀರೋ ಮಾತ್ರ ಬಂದ ವರ್ಷವೇ ಮಗಳು ವೀರೋಳನ್ನು ಹೆತ್ತಳು. ಎರಡನೆಯದು ಹೊಟ್ಟೆಯಲ್ಲಿದ್ದಾಗ ಅಜಾಯಬ್ ಸಿಂಗ್ ಇನ್ನೊಂದು ಹೆಣ್ಣು ತರುವ ಮಾತೆತ್ತಿದ. ಹೆಣ್ಣು ನೋಡಿಯೂ ಬಂದಿದ್ದ. ಹೊಸಬಳು ಬಂದರೆ ಧನ್ ಕೌರ್ ತನ್ನ ಮನೆಯಲ್ಲೇ ಬೆರಣಿ ತಟ್ಟುವ ಆಳಾಗುತ್ತಿದ್ದಳು, ಅಣ್ಣ ತಮ್ಮಂದಿರ ನಡುವೆ ಗೋಡೆ ಏಳುತ್ತಿತ್ತು. ಅದನ್ನು ತಪ್ಪಿಸಲು ಅತ್ತೆ ನಿಹಾಲ್ ಕೌರ್ ನಮ್ಮ ಪಂಜಾಬಿನ ಮಾಲ್ವಾ ಸೀಮೆಯ ಅತ್ತೆಯರು ತಲೆತಲಾಂತರದಿಂದ ಮಾಡಿಕೊಂಡು ಬಂದ ಉಪಾಯವನ್ನೇ ಮಾಡಿದಳು. ಈ ಸಲ ಗಂಡು ಹುಟ್ಟಿದರೆ ಅದು ಹಿರಿಯಳ ಮಡಿಲಿಗೆ.

"ನಿಂಗೇನೇ, ಎಳೇ ವಯಸ್ಸು. ಮುಂದಿನ ವರ್ಷ ಇನ್ನೊಂದು ಹೆರ್ತೀಯ," ಎಂದಳು ಅತ್ತೆ, ಹಿತ್ತಲ ಬದನೆಕಾಯಿ ಹಂಚುವವಳ ಹಾಗೆ.

ಧನ್ ಕೌರ್ ಬಂದು ಕಾಲು ಹಿಡಿದಳು. "ನನ್ನ ಬಾಳು ಉಳ್ಸು ಜಂಗೀರೋ. ಇಲ್ಲಾಂದ್ರೆ ಕಾಲುವೆ ಪಾಲಾಗ್ತೀನಿ."

ಜಂಗೀರೋ ಗಂಡ ಮಗ್ಗರ್ ಸಿಂಗನ ಮುಖ ನೋಡಿದಳು. ಅವನು ಹಗ್ಗ ಹೊಸೆಯುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ. ಅಂಥ ಗಂಡಸರಿಗೆ ನಾನು ಏನು ಹೇಳಲಿ, ಹಗ್ಗ ಮಾತ್ರ ಚೆನ್ನಾಗಿ ಹೊಸೆಯುತ್ತಿದ್ದ. ಅವಳು "ಆಯ್ತು" ಎಂದಳು.

ಹುಟ್ಟಿದ್ದು ಗಂಡೇ. ನಿರ್ಭೈ ಸಿಂಗ್ ಎಂದು ಹೆಸರಿಟ್ಟರು. ಊರಿಗೆ ಗೊತ್ತಿರುವಂತೆ ಮಗು ಕೈ ಬದಲಾದದ್ದು ಹದಿಮೂರನೆಯ ದಿನ, ಗುರುದ್ವಾರದಲ್ಲಿ. ಧನ್ ಕೌರ್ ದುಪಟ್ಟಾದ ಸೆರಗು ಹರಡಿ ಕುಳಿತಳು. ಜಂಗೀರೋ ಮಗುವನ್ನು ಅದರಲ್ಲಿ ಮಲಗಿಸಿ, ಗ್ರಂಥ ಸಾಹಿಬ್‌ನ ಎದುರು ಕೈಮುಗಿದು, "ಇವತ್ತಿನಿಂದ ಇವನು ನಿನ್ನ ಮಗ. ನನ್ನ ಹೆಸರು, ನನ್ನ ಹಾಲು ಇವನ ಮೇಲಿಲ್ಲ" ಎಂದಳು. ಬೆಲ್ಲ ಹಂಚಿದರು. ಊರು ಬೆಲ್ಲ ತಿಂದು ಮನೆಗೆ ಹೋಯಿತು.

ಆದರೆ ನಡೆದದ್ದು ಬೇರೆ. ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದ ಗಳಿಗೆಯಲ್ಲೇ ಅತ್ತೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದ ಕೋಣೆಗೆ ಒಯ್ದಿದ್ದಳು. ಗಂಡು ಹುಟ್ಟಿದರೆ ಬಾಗಿಲಿಗೆ ಶಿರೀಷದ ಎಲೆ ಕಟ್ಟುವುದು ರೂಢಿ, ಕಟ್ಟಿದ್ದು ಒಳಗೆ ಧನ್ ಕೌರಳ ಕೋಣೆಯ ಬಾಗಿಲಿಗೆ. ಮೊದಲ ಸಲ ಹಾಲೂಡಿಸುವ ಮುಂಚೆ ನಾದಿನಿ ಬಂದು ಬಾಣಂತಿಯ ಎದೆ ತೊಳೆದು ಉಡುಗೊರೆ ಪಡೆಯುವುದು ರೂಢಿ. ನಾದಿನಿ ಬಂದಳು, ಧನ್ ಕೌರಳ ಒಣ ಎದೆಯನ್ನು ತೊಳೆದಳು, ರೇಷ್ಮೆ ಬಟ್ಟೆ ಪಡೆದು ಹೋದಳು. ಮಗುವಿನ ಬಾಯಿಗೆ ಹತ್ತಿಯ ಬತ್ತಿಯಿಂದ ಹಿಂಡಿದ್ದು ಬಿಳಿ ಮೇಕೆಯ ಹಾಲು.

"ಒಂದು ಹನಿ ಒಳಗೆ ಹೋದ್ರೂ ಅದು ನಿನ್ನದಾಗಿಬಿಡುತ್ತೆ," ಎಂದಿದ್ದಳು ಅತ್ತೆ. "ಕೊಡೋದಾದ್ರೆ ಪೂರ್ತಿ ಕೊಡು. ಅರ್ಧಂಬರ್ಧ ಕೊಟ್ಟು ಆಮೇಲೆ ಅವಳ ಹೊಟ್ಟೆ ಉರಿಸ್ಬೇಡ."

ಇದು ಕೋಣೆಯೊಳಗಿದ್ದವರಿಗೆ ಬಿಟ್ಟರೆ ಹೊರಗೆ ತಿಳಿಯಲಿಲ್ಲ. ಅವರಲ್ಲಿ ಅತ್ತೆ, ಸೂಲಗಿತ್ತಿ, ನಾದಿನಿ ಮೂವರೂ ಈಗಿಲ್ಲ.

ಬಾಣಂತಿಯ ಎದೆಗೆ ಅತ್ತೆಯ ಕಟ್ಟಳೆ ಗೊತ್ತಾಗುತ್ತದೆಯೇ? ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಈ ಕೋಣೆಯಲ್ಲಿ ಅಂಗಿ ಒದ್ದೆಯಾಗುತ್ತಿತ್ತು. ಎದೆ ಕಲ್ಲಿನಂತೆ ಬಿಗಿದು ಜ್ವರ ಬಂತು. ಅತ್ತೆ ಬಟ್ಟೆ ಬಿಗಿದು ಕಟ್ಟಿದಳು, ಬಿಸಿಲಿಗೆ ಕಾದ ಮಣ್ಣುಗೋಡೆಗೆ ಹಾಲು ಹಿಂಡಿಸಿದಳು. ಗೋಡೆ ಹೀರಿದ ಹಾಗೆ ಎದೆಯೂ ಬತ್ತುತ್ತದಂತೆ. ಬತ್ತಲು ತಿಂಗಳಾಯಿತು. ಆ ತಿಂಗಳಲ್ಲೇ ಒಂದು ಮಧ್ಯಾಹ್ನ ಧನ್ ಕೌರ್ ಹೊಲಕ್ಕೆ ಬುತ್ತಿ ಒಯ್ದಿದ್ದಳು, ಅತ್ತೆ ನೆರೆಮನೆಗೆ ಹೋಗಿದ್ದಳು. ತೊಟ್ಟಿಲಲ್ಲಿ ಮಗು ಅಳುತ್ತಿತ್ತು. ಜಂಗೀರೋ ಎತ್ತಿಕೊಂಡಳು. ಅಂಗಿಯ ಗುಂಡಿ ಬಿಚ್ಚಿದಳು. ಮಗು ಬಾಯಿ ತೆರೆದು ಮುಖ ಹೊರಳಿಸುತ್ತ ಹುಡುಕಿತು. ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಗುರುವಿನ ಎದುರು ಆಡಿದ ಮಾತು ನೆನಪಾಯಿತು. ಅವಳು ಗುಂಡಿ ಹಾಕಿಕೊಂಡು ಮಗುವನ್ನು ತೊಟ್ಟಿಲಿಗೆ ಹಾಕಿ, ಅಳು ಕೇಳಿಸದಷ್ಟು ದೂರ ಹೋಗಿ ಎಮ್ಮೆಯ ಕೊಟ್ಟಿಗೆಯಲ್ಲಿ ಕುಳಿತಳು. ಅವತ್ತು ತಾನು ಗೆದ್ದೆ ಎಂದು ಅವಳಿಗೆ ಅನ್ನಿಸಿತ್ತು. ಬಾಳಿನಲ್ಲಿ ಹೆಮ್ಮೆ ಪಡಲು ಅವಳಿಗೆ ಅದೊಂದೇ ಇತ್ತು. ಯಾರಿಗೂ ಹೇಳಿಕೊಳ್ಳುವ ಹಾಗೆಯೂ ಇರಲಿಲ್ಲ.

ಅತ್ತೆ ಹೇಳಿದ ಮುಂದಿನ ವರ್ಷ ಬರಲೇ ಇಲ್ಲ. ಆ ಜ್ವರವೇ ಏನು ಮಾಡಿತೋ, ಮತ್ತೆ ಗರ್ಭ ನಿಲ್ಲಲಿಲ್ಲ. ವೀರೋ ಬೆಳೆದು ಗಂಡನ ಮನೆಗೆ ಹೋದಳು. ಮಗ್ಗರ್ ಸಿಂಗ್ ಒಂದು ಚಳಿಗಾಲ ಕೆಮ್ಮಿ ಕೆಮ್ಮಿ ಸತ್ತ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ಅದೇ ವಾಸಿ, ಕಣ್ಣಿಗೆ ಬೀಳುವುದಿಲ್ಲ. ಕೊಟ್ಟ ಗಂಡು ಎದುರಿನ ಮಂಚದಲ್ಲೇ ಮಲಗಿ, ಎದುರಿನ ಒಲೆಯ ಮುಂದೆಯೇ ಕುಳಿತು ಇನ್ನೊಬ್ಬಳ ಕೈಯಿಂದ ರೊಟ್ಟಿ ತಿನ್ನುತ್ತದೆ.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ನಿರ್ಭೈಗೆ ಒಂಬತ್ತು ವರ್ಷವಾಗುವುದರೊಳಗೆ ಶಾಲೆಯ ಹುಡುಗರು ಎಲ್ಲವನ್ನೂ ಹೇಳಿಕೊಟ್ಟಿದ್ದರು. "ಮೇಕೆ ಮಗ" ಎಂದು ಕರೆಯುತ್ತಿದ್ದರು. ಅವನು ಧನ್ ಕೌರಳನ್ನು ಬೇಬೇ, ಎಂದರೆ ಅಮ್ಮ, ಎಂದೂ ಜಂಗೀರೋಳನ್ನು ಚಾಚಿ, ಎಂದರೆ ಚಿಕ್ಕಮ್ಮ, ಎಂದೂ ಕರೆಯುತ್ತ ಬೆಳೆದಿದ್ದ. ಒಂದು ಸಂಜೆ ಬಂದು ಜಂಗೀರೋಳ ಎದುರು ನಿಂತ.

"ಚಾಚೀ, ನನ್ನ ಹೆತ್ತಿದ್ದು ನೀನಂತೆ, ಹೌದಾ?"

"ನಿನ್ನ ಬೇಬೇ ಅಲ್ಲಿ ರೊಟ್ಟಿ ತಟ್ತಿದ್ದಾಳೆ. ಬಿಸಿ ಆರೋಕೆ ಮುಂಚೆ ಹೋಗಿ ತಿನ್ನು."

ಅವನು ಹೋದ. ಮತ್ತೆ ಕೇಳಲಿಲ್ಲ. ಆದರೆ ದೊಡ್ಡವನಾದ ಮೇಲೆ ಪೇಟೆಯಿಂದ ಬೇಬೇಗೆ ಚಪ್ಪಲಿ ತಂದರೆ ಚಾಚಿಗೂ ತರುತ್ತಿದ್ದ, ಅಳತೆ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟ, ಸಿಮರ್‌ಜೀತಳನ್ನು ಮದುವೆಯಾದ, ಊರಿನ ಹುಡುಗರನ್ನು ಸೇರಿಸಿ ಕ್ಲಬ್ ಕಟ್ಟಿದ. ಧನ್ ಕೌರ್ ಅವನನ್ನು ಕಣ್ಣರೆಪ್ಪೆಯ ಹಾಗೆ ಸಾಕಿದಳು, ಅದರಲ್ಲಿ ಎರಡು ಮಾತಿಲ್ಲ. ಅವನು ಜಂಗೀರೋಳ ಕಡೆ ಎರಡು ಹೆಜ್ಜೆ ಇಟ್ಟರೆ ಇವಳು ಒಳಗಿನಿಂದ ಹೆಸರು ಹಿಡಿದು ಕೂಗುತ್ತಿದ್ದಳು. ಅದೂ ನಿಜ.

ಅವನಿಗೆ ನಲವತ್ತೆರಡು ನಡೆಯುವಾಗ ಹೊಟ್ಟೆಯಲ್ಲಿ ಗಂಟು ಕಾಣಿಸಿತು. ನಮ್ಮ ಕಡೆ ಅದರ ಹೆಸರು ಹೇಳುವುದಿಲ್ಲ, "ಆ ಕಾಯಿಲೆ" ಎನ್ನುತ್ತೇವೆ. ಅದಿಲ್ಲದ ಬೀದಿ ನಮ್ಮಲ್ಲಿ ಇಲ್ಲ. ಬಿಕಾನೇರಿನ ಆಸ್ಪತ್ರೆಗೆ ರೈಲಿನಲ್ಲಿ ಹೋಗಿ ಬಂದ, ಹೋಗಿ ಬಂದ. ಭತ್ತದ ಕೊಯ್ಲಿನ ಹೊತ್ತಿಗೆ ಡಾಕ್ಟರು, ಇನ್ನು ಕರೆತರಬೇಡಿ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು.

ಅದೇ ತಿಂಗಳು ಕ್ಲಬ್ಬಿನ ಹುಡುಗರು ತಾಯಂದಿರ ಮೇಳ ಇಟ್ಟುಕೊಂಡಿದ್ದರು. ಮುದುಕಿಯರ ಗಿದ್ದಾ ಕುಣಿತ, ಚರಕದ ಪಂದ್ಯ, ಜಿಲೇಬಿ, ಚಹಾ. ಎಲ್ಲದರ ಕೊನೆಗೆ ಒಂದು ಸನ್ಮಾನ. ಅದು ಮೂವತ್ತೆರಡು ಧಾರೆಯ ಸನ್ಮಾನ. ತಾಯಿಯ ಎದೆಹಾಲಿಗೆ ನಮ್ಮಲ್ಲಿ ಮೂವತ್ತೆರಡು ಧಾರೆ ಎನ್ನುತ್ತಾರೆ. ಅದರ ಋಣ ಮಕ್ಕಳು ತೀರಿಸಲಾರರು. ತಾಯಿಯೇ ಬಾಯಿಬಿಟ್ಟು "ಧಾರೆ ಬಿಟ್ಟೆ" ಎಂದು ಮನ್ನಾ ಮಾಡಬೇಕು. ಬಿಡದೆ ಇದ್ದರೆ ಆ ಮಗನಿಗೆ ಸತ್ತ ಮೇಲೂ ನೆಲೆಯಿಲ್ಲ. ಇದೆಲ್ಲ ಗುರುಗಳು ಹೇಳಿದ್ದಲ್ಲ ಎಂದು ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿಯವರು ಪ್ರತಿ ಸಲ ಹೇಳುತ್ತಾರೆ. ಅವರ ತಾಯಿ ಸಾಯುವಾಗ ಅವರೇ ಮೊದಲು ಮಂಡಿಯೂರಿದ್ದನ್ನು ನಾವು ನೋಡಿದ್ದೇವೆ. ಮೇಳದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದು ಮಂಡಿಯೂರುವುದು, ತಾಯಿ ತಲೆಯ ಮೇಲೆ ಕೈಯಿಟ್ಟು ಧಾರೆ ಬಿಡುವುದು, ಮಗ ಅವಳಿಗೆ ಕಸೂತಿಯ ಫುಲ್ಕಾರಿ ಹೊದಿಸುವುದು. ಹುಡುಗರು ಚೆನ್ನಾಗಿಯೇ ಯೋಚಿಸಿದ್ದರು. ತಮ್ಮ ಕ್ಲಬ್ ಕಟ್ಟಿದವನನ್ನು ಮಾತ್ರ ಮರೆತು ಯೋಚಿಸಿದ್ದರು.

ನಿರ್ಭೈ ಆ ಧಾರೆಯ ಮಾತನ್ನೇ ಹಿಡಿದುಕೊಂಡ. ಮೇಳದ ಹಿಂದಿನ ದಿನ ಅಂಗಳದ ಮಂಚದಲ್ಲಿ ಮಲಗಿದ್ದವನು ಜಂಗೀರೋಳನ್ನು ಕರೆದ. ಮುಖ ಹಳದಿಗಟ್ಟಿತ್ತು, ಪಗಡಿ ಇಲ್ಲದ ತಲೆ ಮಗುವಿನ ತಲೆಯಂತೆ ಸಣ್ಣಗೆ ಕಾಣುತ್ತಿತ್ತು.

"ಚಾಚೀ, ನಾಳೆ ನೀನೂ ಬಾ."

"ನಾನ್ಯಾಕೆ ಪುತ್ತ? ನಿನ್ನ ಬೇಬೇ ಬರ್ತಾಳಲ್ಲ."

"ಧಾರೆ ಬಿಡು ಅಂತ ಬೇಬೇನ ಕೇಳಿದ್ರೆ ಮಾತೇ ಆಡ್ತಿಲ್ಲ. ಗೋಡೆ ಕಡೆ ತಿರುಗಿಕೊಂಡು ಮಲಗ್ತಾಳೆ." ಅವನು ಉಸಿರು ತೆಗೆದುಕೊಂಡ. "ನಂಗೆ ಭಯ ಆಗ್ತಿದೆ ಚಾಚೀ. ಯಾರದ್ದೋ ಋಣ ಹೊತ್ಕೊಂಡು ಹೋಗೋಕೆ ಭಯ."

"ಅದೆಲ್ಲ ಮುದುಕೀರ ಮಾತು."

"ಮುದುಕೀರ ಮಾತು ನಂಬ್ದೆ ಇನ್ನೇನು ಡಾಕ್ಟ್ರ ಮಾತು ನಂಬ್ಲಾ?" ಎಂದು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ನೋವು ಇಳಿದ ಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದ, "ಹದಿಮೂರು ದಿನ ನಿನ್ನ ಹತ್ರ ಇದ್ನಲ್ಲ. ಅಷ್ಟಾದ್ರೂ ನಿಂದು ಇರುತ್ತೆ ನನ್ನ ಮೇಲೆ."

ಹದಿಮೂರು ದಿನವಲ್ಲ ಪುತ್ತ, ಒಂದು ಗಳಿಗೆಯೂ ಇಲ್ಲ ಎಂದು ಜಂಗೀರೋ ಹೇಳಬೇಕಿತ್ತು. "ಬರ್ತೀನಿ" ಎಂದಷ್ಟೇ ಹೇಳಿ ಎದ್ದಳು.

ಮೇಳ ಶಾಲೆಯ ಬಯಲಿನಲ್ಲಿತ್ತು. ಎರಡು ಟ್ರ್ಯಾಲಿ ಜೋಡಿಸಿ, ಮೇಲೆ ಜಮಖಾನ ಹಾಸಿ ವೇದಿಕೆ ಮಾಡಿದ್ದರು. ಸುತ್ತಲ ಹೊಲಗಳಲ್ಲಿ ಕೂಳೆ ಸುಟ್ಟ ಹೊಗೆ ಇನ್ನೂ ಕವಿದಿತ್ತು, ಸೂರ್ಯ ತಾಮ್ರದ ತಟ್ಟೆಯಂತೆ ಕಾಣುತ್ತಿದ್ದ. ಗಿದ್ದಾದಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಅತ್ತೆಯನ್ನು ಬೈಯುವ ಪದ ಕಟ್ಟಿ ಹಾಡಿದಳು. ಅವಳ ಅತ್ತೆ ಸತ್ತು ಮೂವತ್ತು ವರ್ಷವಾಗಿತ್ತು, ಸಿಟ್ಟು ಬಿಸಿಯಾಗಿಯೇ ಇತ್ತು. ಜನ ಬಿದ್ದು ಬಿದ್ದು ನಕ್ಕರು. ಜಂಗೀರೋ ಹೆಂಗಸರ ಸಾಲಿನ ಹಿಂದೆ, ಚಹಾದ ಹಂಡೆಗಳ ಹತ್ತಿರ ಕುಳಿತಳು.

ಧಾರೆಯ ಸನ್ಮಾನ ಶುರುವಾಯಿತು. ಮೈಕು ಹಿಡಿದವನು ಕ್ಲಬ್ಬಿನ ಸುಖ್‌ಚೈನ್, ಬಾಯಿಬಡುಕ ಹುಡುಗ, ಒಳ್ಳೆಯವನು. ಒಬ್ಬೊಬ್ಬ ಮಗ ಬಂದು ಮಂಡಿಯೂರಿದ. ಒಬ್ಬ ತಾಯಿ ಮೈಕಿನಲ್ಲೇ, "ಮೂವತ್ತೊಂದು ಬಿಟ್ಟೆ. ಒಂದು ಇಟ್ಕೊಂಡಿದೀನಿ. ಹೆಂಡ್ತಿ ಮಾತು ಕೇಳ್ಕೊಂಡು ಕುಣಿದ್ರೆ ಬೇಕಾಗುತ್ತೆ" ಎಂದಳು. ಬಯಲೆಲ್ಲ ಸಿಳ್ಳೆ. ಅವಳ ಸೊಸೆಯೂ ನಕ್ಕಳು.

ಆಮೇಲೆ ಇಬ್ಬರು ಹುಡುಗರು ನಿರ್ಭೈಯನ್ನು ಕುರ್ಚಿಯ ಸಮೇತ ಹೊತ್ತು ವೇದಿಕೆಗೆ ಏರಿಸಿದರು. ಸಿಳ್ಳೆ ನಿಂತಿತು. ಧನ್ ಕೌರಳನ್ನು ಸಿಮರ್‌ಜೀತ್ ಕೈಹಿಡಿದು ಹತ್ತಿಸಿದಳು. ಮುದುಕಿ ಹೊಸ ಸಲ್ವಾರ್ ಕಮೀಜ್ ತೊಟ್ಟಿದ್ದಳು, ಇಸ್ತ್ರಿಯ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. ನಿರ್ಭೈ ಮಂಡಿಯೂರಲಾರದೆ ಕುರ್ಚಿಯಿಂದಲೇ ಬಾಗಿ ಅವಳ ಮೊಣಕಾಲಿಗೆ ಹಣೆ ಇಟ್ಟ. ಸುಖ್‌ಚೈನ್ ಅವಳ ಬಾಯಿಗೆ ಮೈಕು ಹಿಡಿದ.

ಧನ್ ಕೌರಳ ಉಸಿರಷ್ಟೇ ಮೈಕಿನಲ್ಲಿ ಕೇಳಿತು.

"ಹೇಳಿ ಅಂಬೋ," ಎಂದ ಸುಖ್‌ಚೈನ್, ಅಜ್ಜಿಯನ್ನು ರಮಿಸುವ ದನಿಯಲ್ಲಿ. "ಎರಡೇ ಮಾತು."

"ನಾನು ಯಾವ ಬಾಯಲ್ಲಿ ಬಿಡ್ಲಿ?" ಎಂದಳು ಧನ್ ಕೌರ್. "ಕೊಟ್ಟಿದ್ರೆ ತಾನೆ ಬಿಡೋಕೆ? ಒಂದು ಹನಿ ಕೊಟ್ಟಿಲ್ಲ ನಾನು. ಇಡೀ ಊರಿಗೆ ಗೊತ್ತು. ನನ್ನ ಬಾಯಿಂದ ಸುಳ್ಳು ಧಾರೆ ಬಿಡಿಸ್ಕೊಂಡು ನನ್ನ ಮಗ ಎಲ್ಲಿಗೆ ಹೋಗ್ಬೇಕು?" ಬಯಲಿನ ಕಡೆ ತಿರುಗಿದಳು. "ಜಂಗೀರೋ! ಎಲ್ಲಿ ಸತ್ತಿದೀಯೇ? ಮೇಲೆ ಬಾ."

ಬಯಲಿನ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಜಂಗೀರೋ ಎದ್ದಳು. ಹೆಂಗಸರು ದಾರಿ ಬಿಟ್ಟರು. ಟ್ರ್ಯಾಲಿಯ ಮೆಟ್ಟಿಲು ಹತ್ತಿದಳು. ಧನ್ ಕೌರ್ ಅವಳ ಮಣಿಕಟ್ಟು ಹಿಡಿದಳು. ಮೈಕು ಅಲ್ಲೇ ಇತ್ತು, ಸುಖ್‌ಚೈನ್‌ಗೆ ಅದನ್ನು ಸರಿಸಲು ತೋಚಲಿಲ್ಲ. ಆಡಿದ್ದೆಲ್ಲ ಬಯಲಿ‌ನ ಕೊನೆಯವರೆಗೂ ಕೇಳಿತು.

"ಅವನು ಕೂಸಾಗಿದ್ದಾಗ ಮಧ್ಯಾಹ್ನ ನಾನು ಹೊಲಕ್ಕೆ ಬುತ್ತಿ ಒಯ್ತಿದ್ದೆ," ಎಂದಳು ಧನ್ ಕೌರ್. "ಓಡಿಕೊಂಡು ಹೋಗಿ ಓಡಿಕೊಂಡು ಬರ್ತಿದ್ದೆ. ಬಂದ ಕೂಡ್ಲೆ ಅವನ ಬಾಯಿ ಮೂಸಿ ನೋಡ್ತಿದ್ದೆ. ಒಂದೊಂದ್ಸಲ ವಾಸನೆ ಬಂದ ಹಾಗಾಗೋದು, ಒಂದೊಂದ್ಸಲ ಇಲ್ಲ. ಆಗ ನಿನ್ನ ಕತ್ತು ಹಿಸುಕಬೇಕು ಅನ್ನಿಸ್ತಿತ್ತು. ಇವತ್ತು ನಿನ್ನ ಕಾಲಿಗೆ ಬೀಳ್ತೀನಿ. ಕುಡ್ಸಿದ್ದೆ ಅನ್ನು. ಕದ್ದು ಕುಡ್ಸಿದ್ದೆ ಅನ್ನು ಜಂಗೀರೋ. ಹೆತ್ತ ಹೆಂಗಸು ನೀನು, ಕುಡ್ಸದೆ ಇರ್ತೀಯಾ?"

ಕುಡಿಸದೆ ಇದ್ದಳಲ್ಲ! ಜಂಗೀರೋಳ ಕಣ್ಣಿಗೆ ಆ ಮಧ್ಯಾಹ್ನ ಕಟ್ಟಿತು. ಬಾಯಿ ತೆರೆದು ಹುಡುಕಿದ ಮುಖ, ತಾನೇ ಹಾಕಿಕೊಂಡ ಗುಂಡಿ. ನಲವತ್ತೆರಡು ವರ್ಷ ಅದನ್ನು ಗಂಟು ಕಟ್ಟಿಟ್ಟ ಚಿನ್ನ ಎಂದುಕೊಂಡಿದ್ದಳು. ಈಗ ಬಿಚ್ಚಿ ನೋಡಿದರೆ ಬೂದಿ. ಅವತ್ತು ಒಂದೇ ಒಂದು ಸಲ ಮಾತಿಗೆ ತಪ್ಪಿದ್ದರೆ ಇವತ್ತು ಈ ಹುಡುಗನಿಗೆ ಕೊಡಲು ಕೈಯಲ್ಲಿ ಏನಾದರೂ ಇರುತ್ತಿತ್ತು. ಅವಳಿಗೆ ತನ್ನ ಮೇಲೆ, ಸತ್ತ ಅತ್ತೆಯ ಮೇಲೆ, ಹಗ್ಗ ಹೊಸೆದ ಗಂಡನ ಮೇಲೆ, ಎಲ್ಲರ ಮೇಲೂ ಒಟ್ಟಿಗೆ ಹೇಸಿಗೆಯಾಯಿತು. ನಿಜ ಹೇಳಿದರೆ ಅವನಿಗೆ ಧಾರೆ ಬಿಡುವವರು ಭೂಮಿಯ ಮೇಲೆ ಯಾರೂ ಇಲ್ಲ. ಹದಿಮೂರು ದಿನವಷ್ಟೇ ಎನ್ನೋಣವೆಂದರೆ ಆಗಲೂ ಒಂದು ಹನಿ ಹೋಗಿಲ್ಲವೆಂದು ಧನ್ ಕೌರಳಿಗೆ ಗೊತ್ತು. ಕದ್ದು ಕುಡಿಸಿದೆ ಎಂದು ಸುಳ್ಳು ಹೇಳಿದರೆ ಗುರುವಿನ ಎದುರಿನ ಆಣೆ ಮುರಿದವಳು ತಾನಾಗುತ್ತಾಳೆ, ಇಡೀ ಊರಿನ ಕಿವಿಯಲ್ಲಿ.

"ಚಾಚೀ, ಹೌದಾ?" ಎಂದ ನಿರ್ಭೈ. ಒಂಬತ್ತು ವರ್ಷದವನಾಗಿದ್ದಾಗ ಕೇಳಿದ ದನಿಯೇ. ಈ ಸಲ ಅವನನ್ನು ಕಳಿಸಲು ಯಾವ ರೊಟ್ಟಿಯೂ ಇರಲಿಲ್ಲ.

"ಹೌದು," ಎಂದಳು ಜಂಗೀರೋ. "ಕುಡ್ಸಿದ್ದೆ."

ನಿರ್ಭೈ ತಲೆ ಎತ್ತಿದ.

"ಹದಿಮೂರು ದಿನ?"

"ಅದಾದ ಮೇಲೂ. ದಿನಾ ಮಧ್ಯಾಹ್ನ, ನಿನ್ನ ಬೇಬೇ ಹೊಲಕ್ಕೆ ಹೋದಾಗ. ನಿಂಗೆ ಹಲ್ಲು ಬರೋವರೆಗೂ." ಒಂದು ಸಲ ಶುರುವಾದ ಮೇಲೆ ಸುಳ್ಳು ತಾನೇ ದಾರಿ ಮಾಡಿಕೊಂಡು ಬಂತು. "ಒಂದ್ಸಲ ನೀನು ಕಚ್ಚಿದ್ದೆ. ಕೂಗಿಕೊಳ್ಳೋ ಹಾಗಿರ್ಲಿಲ್ಲ, ಪಕ್ಕದ ಮನೇಲಿ ನಿಮ್ಮಜ್ಜಿ ಇದ್ಲು. ನಿನ್ನ ಕೆನ್ನೆಗೆ ಒಂದು ಕೊಟ್ಟೆ. ನೀನು ಬಿಡ್ಲಿಲ್ಲ."

ನಿರ್ಭೈ ನಕ್ಕ. ಎಷ್ಟೋ ವಾರಗಳಿಂದ ಆ ಮುಖದಲ್ಲಿ ನಗು ಇರಲಿಲ್ಲ. ಅವಳ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡ. "ಬಿಡು ಮತ್ತೆ," ಎಂದ. ಆಮೇಲೆ ಮೆಲ್ಲಗೆ, ಮೈಕಿಗೂ ಸರಿಯಾಗಿ ಸಿಗದಂತೆ, "ಬಿಡು ಬೇಬೇ."

ಆ ಒಂದು ಮಾತಿಗೆ ಅವಳು ಹಂಬಲಿಸಿದ್ದು ಸುಳ್ಳಲ್ಲ. ಅಂಗಳದಲ್ಲಿ ಅವನು ಬೇಬೇ ಎಂದು ಕೂಗಿದಾಗಲೆಲ್ಲ ಅವಳ ಕತ್ತು ತಾನೇ ಅರ್ಧ ತಿರುಗುತ್ತಿತ್ತು. ಈಗ ಬಂತು, ಕುಡಿಸದ ಹಾಲಿನ ಲೆಕ್ಕದಲ್ಲಿ ಬಂತು. ಖುಷಿಪಡಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

"ಮೂವತ್ತೆರಡು ಧಾರೆಯೂ ಬಿಟ್ಟೆ ಪುತ್ತ. ನಿನ್ನ ಮೇಲೆ ನಂದೇನೂ ಇಲ್ಲ."

ಸಿಮರ್‌ಜೀತ್ ಫುಲ್ಕಾರಿ ತಂದು ಗಂಡನ ಕೈಗಿತ್ತಳು. ಇದ್ದದ್ದು ಒಂದೇ. ಅವನು ಅದನ್ನು ಹಿಡಿದುಕೊಂಡು ಒಬ್ಬಳ ಮುಖ, ಇನ್ನೊಬ್ಬಳ ಮುಖ ನೋಡಿದ. ಜಂಗೀರೋ ಅವನ ಕೈಯನ್ನು ಧನ್ ಕೌರಳ ಕಡೆಗೆ ತಳ್ಳಿದಳು. "ಅವಳಿಗೆ ಹೊದಿಸು. ಸಾಕಿದವಳು ಅವಳು." ಸುಖ್‌ಚೈನ್ ಜೋರಾಗಿ ಚಪ್ಪಾಳೆ ತಟ್ಟಿದ. ಗಂಡಸರು ಕೆಲವರು ತಟ್ಟಿದರು. ಹೆಂಗಸರ ಸಾಲಿನಿಂದ ಚಪ್ಪಾಳೆ ಬರಲಿಲ್ಲ. ಅವಳು ಇಳಿದು ಬರುವಾಗ ಯಾರೋ, "ಗ್ರಂಥ ಸಾಹಿಬ್ ಮುಂದೆ ಹೇಳಿದ ಮಾತು ಕಣೇ, ಅದನ್ನೂ ಮುರಿದ್ಲಲ್ಲ" ಎಂದದ್ದು ಅವಳಿಗೆ ಚೆನ್ನಾಗಿಯೇ ಕೇಳಿತು.

ನಿರ್ಭೈ ಆಮೇಲೆ ಒಂದು ವಾರವೂ ಇರಲಿಲ್ಲ. ಸಮಾಧಾನವಾಗಿ ಹೋದ ಎಂದು ಸಿಮರ್‌ಜೀತ್ ಹೇಳಿದಳು. ಕೊನೆಯ ರಾತ್ರಿ ಭಯ ಎನ್ನಲಿಲ್ಲವಂತೆ. ಬೂದಿಯನ್ನು ಕೀರತ್‌ಪುರದ ನೀರಿಗೆ ಬಿಟ್ಟು ಬಂದರು. ಸತ್ತವನ ಹೆಸರಿನ ಭೋಗ್‌ನ ದಿನ, ಗ್ರಂಥಪಾಠ ಮುಗಿದು ಜನ ಊಟಕ್ಕೆ ಕುಳಿತಾಗ ಜಂಗೀರೋಳ ಎರಡೂ ಪಕ್ಕದಲ್ಲಿ ಜಾಗ ಖಾಲಿ ಉಳಿಯಿತು. ಇಂಥ ವಿಷಯದಲ್ಲಿ ಊರಿಗೆ ಲೆಕ್ಕ ಹಾಕಲು ಹೊತ್ತು ಬೇಕಿಲ್ಲ. ಆಣೆ ಮುರಿದಳು, ಆ ಹಾಲು ಕುಡಿದವನ ಹೊಟ್ಟೆಯಲ್ಲೇ ಗಂಟಾಯಿತು. ಎರಡಕ್ಕೆ ಎರಡು ಕೂಡಿಸಿದ ಹಾಗೆ ಕೂಡಿಸಿಬಿಟ್ಟರು. ಊರಲ್ಲಿ ಕೂಸು ಹುಟ್ಟಿದರೆ ಮೊದಲ ಸಿಹಿಯನ್ನು ಜಂಗೀರೋಳ ಬೆರಳಿನಿಂದ ನೆಕ್ಕಿಸುತ್ತಿದ್ದರು, ಅವಳ ಗುಣ ಬರಲಿ ಎಂದು. ಆ ಚಳಿಗಾಲ ನಮ್ಮ ಬೀದಿಯಲ್ಲೇ ಎರಡು ಕೂಸು ಹುಟ್ಟಿದವು. ಯಾರೂ ಕರೆಯಲಿಲ್ಲ. ಮಗಳು ವೀರೋ ಫೋನಿನಲ್ಲಿ, "ಅಮ್ಮಾ, ನಮ್ಮತ್ತೆ ಏನೇನೋ ಅಂತಿದ್ದಾರೆ, ಸ್ವಲ್ಪ ದಿನ ಈ ಕಡೆ ಬರ್ಬೇಡ" ಎಂದಳು.

ಧನ್ ಕೌರ್ ಹಾಸಿಗೆ ಹಿಡಿದಳು. ಸೊಸೆ ಒಬ್ಬಳಿಗೇ ಆಗುವುದಿಲ್ಲವೆಂದು ಜಂಗೀರೋ ಬೆಳಿಗ್ಗೆ ಬಂದು ಅವಳ ಮೈ ಒರೆಸಿ, ತಲೆ ಬಾಚಿ, ಮಂಚವನ್ನು ಬಿಸಿಲಿಗೆ ಎಳೆಯುತ್ತಿದ್ದಳು. ಪುಷ್ಯ ಮಾಸದ ಒಂದು ದಿನ ಸಿಮರ್‌ಜೀತ್ ಹೊರಗೆ ಹೋಗಿದ್ದಳು, ಅಂಗಳದಲ್ಲಿ ಇಬ್ಬರೇ. ಧನ್ ಕೌರ್ ಬಾಚುತ್ತಿದ್ದ ಕೈಯನ್ನು ಹಿಡಿದು ನಿಲ್ಲಿಸಿದಳು.

"ಒಂದು ಕೇಳ್ತೀನಿ. ಅವತ್ತು ಅವನ ಮುಖ ನೋಡಿ ಹೇಳ್ದೆ ಅಲ್ವಾ? ನೀನು ಕುಡ್ಸಿರ್ಲಿಲ್ಲ."

ಜಂಗೀರೋ ಇನ್ನೊಂದು ಕೈಯಿಂದ ಅವಳ ಹೊದಿಕೆ ಸರಿಪಡಿಸಿದಳು.

"ನನ್ನ ಜೀವ ಹೋಗ್ತಿದೆ ಜಂಗೀರೋ. ಕುಡ್ಸಿಲ್ಲ ಅಂತ ಒಂದು ಮಾತು ಹೇಳು. ಅವನು ನನ್ನೊಬ್ಬಳ ಮಗನಾಗೇ ಹೋದ ಅಂತ ನಾನೂ ಕಣ್ಣು ಮುಚ್ತೀನಿ. ಊರಿನವರನ್ನೂ ಕರೆದು ಹೇಳ್ತೀನಿ, ಜಂಗೀರೋ ಆಣೆ ಮುರಿದಿಲ್ಲ ಅಂತ."

ಒಂದು "ಇಲ್ಲ" ಸಾಕಿತ್ತು. ಅದು ನಿಜವೂ ಆಗಿತ್ತು. ಹೋದ ಹೆಸರು ಬರುತ್ತಿತ್ತು, ಬೀದಿಯ ಕೂಸುಗಳು ಬರುತ್ತಿದ್ದವು, ವೀರೋಳ ಮನೆಯ ಬಾಗಿಲು ತೆರೆಯುತ್ತಿತ್ತು, ಎದುರಿಗೆ ಸಾಯುತ್ತಿರುವ ಮುದುಕಿಗೆ ನೆಮ್ಮದಿಯಾಗುತ್ತಿತ್ತು. ಆದರೆ ಅವನು? ಬಿಟ್ಟೆ ಎಂದು ತಲೆಯ ಮೇಲೆ ಕೈಯಿಟ್ಟು ಕಳಿಸಿದವನು ಈಗೆಲ್ಲಿದ್ದಾನೋ, ಅಲ್ಲಿಂದ ಅವನನ್ನು ಯಾರಾದರೂ ತಿರುಗಿ ಕರೆದರೆ? ಒಂದು ಸಲ ಮಾತು ಉಳಿಸಿಕೊಳ್ಳಲು ಹೋಗಿ ಅವನನ್ನು ಹಸಿದಂತೆಯೇ ತೊಟ್ಟಿಲಿಗೆ ಹಾಕಿದ್ದಳು. ಎರಡನೆಯ ಸಲ ಅದೇ ಕೆಲಸ ಅವಳಿಂದ ಆಗಲಿಲ್ಲ.

"ಕುಡ್ಸಿದ್ದೆ ಅಕ್ಕ," ಎಂದಳು.

ಧನ್ ಕೌರ್ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಿಡಿದಿದ್ದ ಕೈಯನ್ನು ಕೊಡವಿದಳು. "ಹಾಗಾದ್ರೆ ನೀನೇ ತಿಂದೆ ಅವನ್ನ. ನಿನ್ನ ಹಾಲೇ ತಿಂತು. ರಾಕ್ಷಸಿ."

"ಹೂಂ ಅಕ್ಕ, ನಾನೇ," ಎಂದಳು ಜಂಗೀರೋ. ಬಾಚಣಿಗೆಯಲ್ಲಿ ಸಿಕ್ಕಿದ್ದ ಬಿಳಿ ಕೂದಲನ್ನು ಬಿಡಿಸಿ, ಉಳಿದ ಅರ್ಧ ತಲೆಯನ್ನು ಬಾಚತೊಡಗಿದಳು.